ದಿಡ್ಡಿ ಬಾಗಿಲಿನ ಪಾಠ

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಗಣಕಯಂತ್ರಗಳ ಚರಿತ್ರೆಯಲ್ಲಿ ಈ ಗಾದೆಗೆ ಒಪ್ಪುವ ನಿದರ್ಶನವೊಂದುಂಟು.

೧೯೮೮ನೆಯ ಇಸವಿ ನವೆಂಬರ್ ೨ರಂದು, ಅಮೆರಿಕದ ವಿಶ್ವವಿದ್ಯಾನಿಲಯಗಳನ್ನೂ ಸಂಶೋಧನಾಲಯಗಳನ್ನೂ ಬೆಸೆದಿದ್ದ ಇಂಟರ್‌ನೆಟ್ ಜಾಲದೊಳಕ್ಕೆ ಪುಟ್ಟ ಪ್ರೋಗ್ರಾಮೊಂದು ಹೊಕ್ಕಿತು. ತನ್ನ ಪ್ರತಿಗಳನ್ನು ತಾನೇ ಸೃಷ್ಟಿಸಿಕೊಳ್ಳುತ್ತ ಅದು ಯಂತ್ರದಿಂದ ಯಂತ್ರಕ್ಕೆ ಹರಿಯಿತು. ಅಂದಿನ ಅಂದಾಜಿನಂತೆ, ಜಾಲದಲ್ಲಿದ್ದ ಸುಮಾರು ೬೦,೦೦೦ ಯಂತ್ರಗಳಲ್ಲಿ ೬,೦೦೦ ಯಂತ್ರಗಳಿಗೆ ಈ 'ಹುಳು' ತಗುಲಿತು. ಅದರ ಪ್ರತಿಗಳ ಭಾರವನ್ನು ತಾಳಲಾರದೆ ಅನೇಕ ಯಂತ್ರಗಳ ಕೆಲಸ ನಿಂತುಹೋಯಿತು. ಅದನ್ನು ಬಿಟ್ಟವನು ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್. ೧೯೯೦ರಲ್ಲಿ ನ್ಯಾಯಾಲಯವು ಅವನಿಗೆ ಮೂರು ವರ್ಷಗಳ ಸನ್ನಡತೆಯ ನಿರ್ಬಂಧವನ್ನೂ ೪೦೦ ಗಂಟೆಗಳ ಸಮಾಜಸೇವೆಯನ್ನೂ ೧೦,೦೫೦ ಡಾಲರ್ ದಂಡವನ್ನೂ ವಿಧಿಸಿತು.

ಆತನ ಕೃತ್ಯವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅವನನ್ನು ದಂಡಿಸಿದ ಮಾತ್ರಕ್ಕೆ ವಿಷಯವು ಮುಗಿಯಿತೆಂದು ಭಾವಿಸುವುದೂ ತಪ್ಪು. ಹುಳುವಿಗೆ ಎಡೆಕೊಟ್ಟ ಬಾಗಿಲುಗಳು ಅಂದಿನ ಯೂನಿಕ್ಸ್ ವ್ಯವಸ್ಥೆಯಲ್ಲಿ ಮೊದಲಿನಿಂದಲೂ ತೆರೆದೇ ಇದ್ದುವು.

ಮೊದಲನೆಯದನ್ನು ನೋಡೋಣ. ಯಂತ್ರವೊಂದನ್ನು ಯಾರು ಬಳಸುತ್ತಿದ್ದಾರೆಂದು ದೂರದಿಂದ ವಿಚಾರಿಸಲು 'ಫಿಂಗರ್' ಎಂಬ ಸೌಲಭ್ಯವಿತ್ತು. ಬಂದ ಪ್ರಶ್ನೆಯನ್ನು ಇರಿಸಿಕೊಳ್ಳಲು ಅದು ಮೆಮೊರಿಯಲ್ಲಿ ೫೧೨ ಬೈಟುಗಳ ಸ್ಥಳವನ್ನು ಕಾದಿರಿಸಿತ್ತು. ಪ್ರಶ್ನೆಯನ್ನು ಓದಿಕೊಳ್ಳುತ್ತಿದ್ದ, ಸಿ ಭಾಷೆಯ 'ಗೆಟ್ಸ್' ಎಂಬ ಆಜ್ಞೆಗೆ ಅಳತೆಯ ಪರಿವೆಯೇ ಇರಲಿಲ್ಲ. ಹುಳು ೫೩೬ ಬೈಟುಗಳನ್ನು ಸುರಿಯಿತು. ಸೇರಿಗೆ ಮೀರಿ ಸುರಿದ ಅಕ್ಕಿ ಚೆಲ್ಲುವಂತೆ, ಹೆಚ್ಚಿನ ಬೈಟುಗಳು ನೆರೆಯ ಸ್ಥಳಕ್ಕೆ ಚೆಲ್ಲಿದುವು. ಮುಂದೆ ಯಾವ ಕಡೆಗೆ ಹೋಗಬೇಕೆಂಬ ವಿಳಾಸ ಅಲ್ಲಿತ್ತು. ಆ ವಿಳಾಸವು ಅಳಿಸಿಹೋಗಿ, ಯಂತ್ರವು ಹುಳುವಿನ ಆಜ್ಞೆಯನ್ನೇ ಪಾಲಿಸತೊಡಗಿತು.

ಎರಡನೆಯದು 'ಸೆಂಡ್‌ಮೇಲ್' ಎಂಬ ಅಂಚೆಯ ಪ್ರೋಗ್ರಾಂ. ದೋಷಪರೀಕ್ಷೆಗೆಂದು ಇರಿಸಿದ್ದ ಸೌಕರ್ಯವನ್ನು ಅನೇಕ ಯಂತ್ರಗಳಲ್ಲಿ ಮುಚ್ಚದೆ ಹಾಗೆಯೇ ಬಿಟ್ಟಿದ್ದರು. ಅದರ ಮೂಲಕ ಹೊರಗಿನವರೂ ಆಜ್ಞೆಗಳನ್ನು ನಡೆಸಬಹುದಾಗಿತ್ತು.

ಮೂರನೆಯದು ದುರ್ಬಲವಾದ ಪಾಸ್‌ವರ್ಡ್‌ಗಳು. ಹುಳು ಬಳಕೆದಾರರ ಹೆಸರುಗಳನ್ನೂ ತನ್ನ ಬಳಿಯಿದ್ದ ೪೩೨ ಪದಗಳ ಪಟ್ಟಿಯನ್ನೂ ಪ್ರಯತ್ನಿಸಿ ನೋಡಿತು. ಈ ಅಪಾಯವಾದರೂ ಹೊಸದೇ? ೧೯೭೯ರಲ್ಲಿಯೇ ಬೆಲ್ ಪ್ರಯೋಗಶಾಲೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ ಇದನ್ನು ಕುರಿತು ಲೇಖನ ಬರೆದಿದ್ದರು. ಅವರು ಸಂಗ್ರಹಿಸಿದ ೩,೨೮೯ ಪಾಸ್‌ವರ್ಡ್‌ಗಳಲ್ಲಿ ೨,೮೩೧, ಎಂದರೆ ಶೇಕಡಾ ೮೬ರಷ್ಟು, ಸುಲಭವಾಗಿ ಊಹಿಸಬಹುದಾದವು. ಈ ಹಿರಿಯ ಮಾರಿಸ್ ಅವರೇ ಮೇಲೆ ಹೇಳಿದ ವಿದ್ಯಾರ್ಥಿಯ ತಂದೆ! ತಂದೆ ಎಚ್ಚರಿಸಿದ ಒಂಬತ್ತು ವರ್ಷಗಳ ಮೇಲೆಯೂ ಮಗನಿಗೆ ಆ ಬಾಗಿಲು ತೆರೆದೇ ಇತ್ತು.

ಯೂನಿಕ್ಸನ್ನು ನಿರ್ಮಿಸಿದವರನ್ನು ನಾವು ದೂಷಿಸುತ್ತಿಲ್ಲ. ೧೯೬೯ರಲ್ಲಿ ಅದು ಹುಟ್ಟಿದ್ದು ಪರಸ್ಪರ ನಂಬಿಕೆಯುಳ್ಳ ಕೆಲವೇ ಸಹೋದ್ಯೋಗಿಗಳ ಉಪಯೋಗಕ್ಕೆ. ಭದ್ರತೆಯನ್ನು ಉದ್ದೇಶವಾಗಿಟ್ಟುಕೊಂಡು ಅದನ್ನು ರಚಿಸಲಿಲ್ಲವೆಂದು ನಿರ್ಮಾಪಕರಲ್ಲೊಬ್ಬರಾದ ಡೆನ್ನಿಸ್ ರಿಚಿ ತಾವೇ ಒಪ್ಪಿಕೊಂಡಿದ್ದರು. ಮನೆಯವರಿಗೆಂದು ಕಟ್ಟಿದ ಜಗುಲಿ ಊರಿನ ಸಂತೆಯಾದಾಗ ಬಾಗಿಲು ಅಗುಳಿಗಳನ್ನು ಹೊಸದಾಗಿ ಯೋಚಿಸಬೇಕಾಗಿತ್ತು. ದೋಷ ತಿಳಿದ ಮೇಲೂ ತೋರಿದ ಉದಾಸೀನವೇ ನಮ್ಮ ಆಕ್ಷೇಪಣೆಗೆ ಕಾರಣ. 'ಗೆಟ್ಸ್' ಆಜ್ಞೆಯನ್ನು ಸಿ ಭಾಷೆಯ ಪ್ರಮಾಣದಿಂದ ಕೈಬಿಟ್ಟದ್ದು ೨೦೧೧ರಲ್ಲಿ, ಎಂದರೆ ೨೩ ವರ್ಷಗಳ ತರುವಾಯ! ಹಳೆಯ ಪಠ್ಯಪುಸ್ತಕಗಳಲ್ಲಿ ಅದರ ಉದಾಹರಣೆಗಳು ಇಂದಿಗೂ ಕಾಣಸಿಗುತ್ತವೆ.

ಆದುದರಿಂದ ವಿದ್ಯಾರ್ಥಿಮಿತ್ರರಲ್ಲಿಯೂ ಅಧ್ಯಾಪಕರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟಿತೆಂದು ಪೂರ್ಣ ಅಂಕ ನೀಡುವ ಮೊದಲು ಅದಕ್ಕೆ ಅಳತೆಮೀರಿದ ಪ್ರಶ್ನೆಯೊಂದನ್ನು ಕೊಟ್ಟು ನೋಡತಕ್ಕದ್ದು. ನೂರು ಅಕ್ಷರಗಳ ಸ್ಥಳಕ್ಕೆ ನೂರೊಂದನೆಯ ಅಕ್ಷರ ಬಂದರೆ ಏನಾದೀತೆಂದು ತಾನೇ ಕೇಳಿಕೊಳ್ಳುವ ವಿದ್ಯಾರ್ಥಿಯು ಸೂರೆಗೆ ಮುಂಚೆಯೇ ದಿಡ್ಡಿ ಬಾಗಿಲನ್ನು ಹಾಕಲು ಕಲಿತವನಾಗುತ್ತಾನೆ.