ಅರಳುಮರಳಿಗೂ ಒಂದು ಭಾಷೆಯುಂಟು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಾವು ಎಷ್ಟು ನಂಬಿದ್ದೇವೆಂದರೆ, ಮುಪ್ಪಿನ ಮರೆವು ರೋಗವಾಗಿರಬಹುದೆಂಬ ಅನುಮಾನವೇ ನಮಗೆ ಬರುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4 ಮಂದಿಗೆ ಡಿಮೆನ್ಷಿಯಾ ಇದೆ. ಸುಮಾರು 88 ಲಕ್ಷ ಜನ. ಉಳಿದವರಿಗೆ ಇಲ್ಲ. ಅಂದಮೇಲೆ ಅದು ವಯಸ್ಸಿನ ಸಹಜಗುಣವಲ್ಲ, ಗಾದೆಯೇ ಸುಳ್ಳು.

ಮೊನ್ನೆ ಹದಡಿಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಬೆಂಗಳೂರಿನಲ್ಲಿ ಈಗಷ್ಟೆ ಸಂಶೋಧನೆಗೆ ಕೈಹಾಕಿದ್ದಾಳೆ. ವೃದ್ಧರ ಮಾತಿನಲ್ಲಿ ಪದ ತಡಕಾಡುವುದು, ಹೇಳಿದ್ದನ್ನೇ ಹೇಳುವುದು, ನಡುವೆ ಮೌನವಾಗುವುದು, ಇವುಗಳಿಂದ ರೋಗವನ್ನು ಮುಂಚೆಯೇ ಗುರುತಿಸಲು ಕೃತಕ ಬುದ್ಧಿಮತ್ತೆಗೆ ಕಲಿಸುವುದು ಅವಳ ಕೆಲಸ. ಆದರೆ ಪಠ್ಯಪುಸ್ತಕವೆಲ್ಲಿದೆ? ಈ ವಿಷಯದಲ್ಲಿ ಹೆಸರಾದ ಧ್ವನಿಸಂಗ್ರಹ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 1980ರ ದಶಕದಲ್ಲಿ ಮುದ್ರಿಸಿಕೊಂಡ ಇಂಗ್ಲಿಷಿನದು. 2020ರ ಅಂತರರಾಷ್ಟ್ರೀಯ ಸ್ಪರ್ಧೆಯೊಂದಕ್ಕೆ ಆರಿಸಿದ್ದು ಅದರೊಳಗಿನ 156 ಜನರ ಮಾತನ್ನು. ಅವರು ವರ್ಣಿಸಬೇಕಾಗಿದ್ದ ಚಿತ್ರದಲ್ಲಿ ತಾಯಿ ನಿಂತು ತಟ್ಟೆ ಒರೆಸುತ್ತಾಳೆ, ತೊಟ್ಟಿಯ ನೀರು ಉಕ್ಕಿ ಹರಿಯುತ್ತದೆ, ಹುಡುಗ ಬಿಸ್ಕತ್ತು ಕದಿಯುತ್ತಾನೆ.

ಚಿತ್ರವನ್ನು ನನ್ನ ತಾಯಿಯೂ ನೋಡಿದರು. ‘ಈಕಿ ಯಾಕೆ ನಿಂತ್ಕಂಡು ತಾಟು ಒರೆಸ್ತಾಳೆ? ಕುಂದ್ರಾಕೆ ಮಣೆ ಇಲ್ಲೇನು?’ ಎಂದರು. ಪಿಟ್ಸ್‌ಬರ್ಗಿನ ಅಳತೆಗೋಲಿನಲ್ಲಿ ಈ ಉತ್ತರಕ್ಕೆ ಎಷ್ಟು ಅಂಕ?

‘ಬಂದಳು, ಉಂಡಳು, ಹೋದಳು’ ಎಂದರೆ ಕನ್ನಡದಲ್ಲಿ ಮಾತು ಪೂರ್ಣ. ಕರ್ತೃ ಕ್ರಿಯಾಪದದೊಳಗೇ ಕುಳಿತಿದ್ದಾನೆ. ಇಂಗ್ಲಿಷಿನಲ್ಲಿ ಪಳಗಿದ ಯಂತ್ರ ಇದನ್ನೇ ಪದಗಳ ಕೊರತೆಯೆಂದು ಎಣಿಸಿದರೆ, ಆರೋಗ್ಯವಂತ ಮುದುಕಿ ರೋಗಿಯಾಗುತ್ತಾಳೆ. ಭಾಷೆಗೂ ಈ ರೋಗಕ್ಕೂ ಏನು ನಂಟು ಎನ್ನುವವರು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಹೈದರಾಬಾದಿನ ಅಧ್ಯಯನವನ್ನು ನೋಡಲಿ. ಅಲ್ಲಿನ 648 ರೋಗಿಗಳಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅನಕ್ಷರಸ್ಥರಲ್ಲೂ ಹಾಗೆಯೇ.

ಹುಡುಗಿ ನನ್ನನ್ನು ಕೇಳಿದಳು: ‘ಸರ್, ನಮ್ಮ ಕಡೆಯ ವೃದ್ಧರ ಮಾತಿನ ಧ್ವನಿಮುದ್ರಣ ನಿಮ್ಮ ವಿಭಾಗದಲ್ಲಿ ಇದೆಯೆ?’ ನಾನು ತಲೆ ತಗ್ಗಿಸಿದೆ. ಒಂದು ಗಂಟೆಯದೂ ಇಲ್ಲ.

ರಾಜ್ಯೋತ್ಸವದ ವೇದಿಕೆಯಲ್ಲಿ ‘ಯಂತ್ರ ಕನ್ನಡವನ್ನು ನುಂಗುತ್ತದೆ’ ಎಂದು ಗುಡುಗುವ ನನ್ನ ಸಹೋದ್ಯೋಗಿ ಮಿತ್ರರಿಗೆ ಇದು ನನ್ನ ನೇರ ಮಾತು. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಹೋಗಿ, 45 ವರ್ಷ ತುಂಬಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಪರೀಕ್ಷಿಸುವ ಗುರಿ ಇಟ್ಟುಕೊಂಡಿದ್ದಾರೆ. ವಿಜ್ಞಾನಿ ಹಳ್ಳಿಗೆ ಹೋದ. ಕನ್ನಡದ ಮೇಷ್ಟ್ರು ಎಲ್ಲಿ ಹೋದರು? ಯಾವ ಮಾತು ರೂಢಿ, ಯಾವುದು ತಡವರಿಕೆ ಎಂದು ಯಂತ್ರಕ್ಕೆ ಹೇಳಿಕೊಡಬೇಕಾದವರು ನಾವಲ್ಲದೆ ಮತ್ತಾರು?

ಹಿರಿಯರ ಒಪ್ಪಿಗೆಯಿಲ್ಲದೆ ಒಂದು ಮಾತನ್ನೂ ಮುದ್ರಿಸತಕ್ಕದ್ದಲ್ಲ. ಯಂತ್ರದ ತೀರ್ಪು ವೈದ್ಯರ ತೀರ್ಪೂ ಅಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಈ ಎಚ್ಚರ ನಮ್ಮ ಸೋಮಾರಿತನಕ್ಕೆ ನೆಪವಾಗಬಾರದು.

ಬರುವ ಭಾನುವಾರದಿಂದ ನಾನೂ ನನ್ನ ನಾಲ್ವರು ವಿದ್ಯಾರ್ಥಿಗಳೂ ಹದಡಿಯ ಜಗಲಿಗಳಲ್ಲಿ ಕೂರುತ್ತೇವೆ. ಮೊದಲ ಮಾತು ನನ್ನ ತಾಯಿಯದು. ಅವರು ಒಪ್ಪಿದ್ದಾರೆ, ಮಣೆ ಮಾತ್ರ ನಾವೇ ತರಬೇಕಂತೆ.