ಜಮಾ–ಖರ್ಚು

ನಮ್ಮ ಭಾವನವರ ಅಂಗಾಲಿನ ಕಪ್ಪು ಮಚ್ಚೆಯನ್ನು ಮುಳ್ಳು ಚುಚ್ಚಿದ ಗುರುತೆಂದೇ ಬಗೆದಿದ್ದೆವು. ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರು. ಕೊಯ್ದು ತೆಗೆದದ್ದಾಯಿತು, ಆದರೆ ತೊಡೆಸಂದಿನ ಗ್ರಂಥಿಗೂ ಹಬ್ಬಿದ್ದರಿಂದ ಮೂರನೆಯ ಹಂತವೆಂದರು.

ಮುಂದೇನೆಂದು ಕೇಳಿದರೆ ಡಾಕ್ಟರು ಮೂರು ದಾರಿ ಹೇಳಿದರು. ಒಂದು, ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಪೆಂಬ್ರೊಲಿಝುಮ್ಯಾಬಿನಂಥ ಔಷಧವನ್ನು ವರ್ಷಕಾಲ ನರಕ್ಕೆ ಏರಿಸುವುದು. ಎರಡು, ಗಡ್ಡೆಯ ಬಿ-ರಾಫ್ ಜೀನಿನಲ್ಲಿ ವ್ಯತ್ಯಾಸವಿದ್ದರೆ ವರ್ಷಕಾಲ ಗುಳಿಗೆ; ಅಂಗಾಲಿನ ರೋಗದಲ್ಲಿ ಆ ವ್ಯತ್ಯಾಸ ಕಡಮೆ. ಮೂರು, ಔಷಧವಿಲ್ಲದೆ ಆಗಾಗ ಪರೀಕ್ಷೆ ಮಾಡಿಸುತ್ತ ಕಾಯುವುದು. ಜೀನಿನ ಪರೀಕ್ಷೆಯಲ್ಲಿ ಎರಡನೆಯ ದಾರಿ ಮುಚ್ಚಿತು.

ಮಾಟುಂಗದ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅಕ್ಕ, "ಬಳೆ ಮಾರಿಯಾದರೂ ಔಷಧ ಕೊಡಿಸೋಣ" ಎಂದಳು. ಭಾವ ನನ್ನತ್ತ ತಿರುಗಿ, "ನೀನು ಗುಮಾಸ್ತ, ಲೆಕ್ಕ ಬರೆ" ಎಂದರು. ಬರೆದೆ. ಜಮಾ: ರೋಗ ಮರುಕಳಿಸುವುದು ಕಡಮೆಯಾಗುತ್ತದೆಂದು 2018ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಖರ್ಚು: ಆಯುಸ್ಸು ಹೆಚ್ಚುತ್ತದೆಂಬುದು ಇನ್ನೂ ರುಜುವಾತಾಗಿಲ್ಲ, ಥೈರಾಯ್ಡ್ ಕೆಟ್ಟರೆ ಬಾಳೆಲ್ಲ ಗುಳಿಗೆ, ಹಣ ಬೇರೆ.

"ತಾಳದಿದ್ದರೆ ನಡುವೆ ನಿಲ್ಲಿಸಬಹುದೆ?" ಎಂದು ಭಾವ ಡಾಕ್ಟರನ್ನು ಕೇಳಿದರು. "ನಿಲ್ಲಿಸಬಹುದು, ಆದರೆ ಕೆಟ್ಟ ಗ್ರಂಥಿ ಸರಿಹೋಗದೆ ಇರಬಹುದು." ಎರಡು ದಿನ ಯೋಚಿಸಿ ಅವರೇ ಒಪ್ಪಿದರು.

ವಾಚಕರೇ, ಇಂಥ ಹೊತ್ತಿನಲ್ಲಿ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದೊಯ್ಯಿರಿ. ಲೆಕ್ಕ ಮನೆಮಂದಿಯೆಲ್ಲ ಹಾಕಲಿ. ಕೊನೆಯ ರುಜು ಮಾತ್ರ ರೋಗಿಯದಾಗಿರಲಿ.