ಫೋಟೋ ಯಾಕೆ ಬರ್ತಿಲ್ಲ?

ಮೊನ್ನೆ ಆಫೀಸಿಗೆ ಹೋಗೋ ರೈಲಲ್ಲಿ ಕೂತಿದ್ದೆ. ಫೋನು ತಾನಾಗೇ ಒಂದು ಹಳೇ ಫೋಟೋ ತಂದು ತೋರಿಸ್ತು. 2022ರ ಆಗಸ್ಟ್. ಊರು ಕೋಬ್ಲೆಂಜ್. ಹಿಂದೆ ಎರಡು ನದಿ, ಮುಂದೆ ನಾವು ನಾಲ್ಕು ಜನ, ನನ್ನ ಕೈಯಲ್ಲಿ ಪುಳಿಯೋಗರೆ ಡಬ್ಬಿ. ನಾಲ್ಕೂ ಜನರಲ್ಲಿ ಜಾಸ್ತಿ ಹಲ್ಲು ಬಿಟ್ಕೊಂಡು ನಿಂತಿರೋನು ನಾನೇ.

ಆ ಫೋಟೋಗೆ ಒಂದು ಗಂಟೆ ಮುಂಚೆ ನಾನು ಒಂದೇ ಸಬ್ಜೆಕ್ಟಲ್ಲಿ ಎರಡನೇ ಸಲ ಫೇಲ್ ಆಗಿದ್ದೆ.

ಹೋದ ಸಲ ಈ ಅಂಕಣದಲ್ಲಿ ಜರ್ಮನಿಗೆ ಮಾಸ್ಟರ್ಸ್ ಮಾಡೋಕೆ ಬರೋರು ಏನೇನು ಕಾಗದಪತ್ರ ಹೊಂದಿಸ್ಕೋಬೇಕು ಅಂತ ಬರೆದಿದ್ದೆ. ಅದನ್ನ ಓದಿ ಒಬ್ಬರು ಕೇಳಿದ್ರು, “ಸರ್, ಅಲ್ಲಿ ಓದೋರು ವಾರವಾರ ತಿರುಗಾಡ್ತಾನೇ ಇರ್ತಾರಲ್ಲ, ದುಡ್ಡೆಲ್ಲಿಂದ ಬರುತ್ತೆ, ಟೈಮೆಲ್ಲಿಂದ ಬರುತ್ತೆ?” ನ್ಯಾಯವಾದ ಪ್ರಶ್ನೆ. ಈ ಸಲ ಅದಕ್ಕೇ ಉತ್ತರ.

ಮೊದಲು ದುಡ್ಡು. 2021ರ ಅಕ್ಟೋಬರಲ್ಲಿ ನಾನು ಆಖೆನ್‌ಗೆ ಬಂದಾಗ ಬ್ಲಾಕ್ಡ್ ಅಕೌಂಟಲ್ಲಿ 10,332 ಯೂರೋ ಇಟ್ಟು ತೋರಿಸಬೇಕಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಒಂಬತ್ತು ಲಕ್ಷ. (2025ರಲ್ಲಿ ಅದು 11,904 ಯೂರೋ ಆಗಿತ್ತು.) ದುಡ್ಡು ನಮ್ಮದೇ, ಆದ್ರೆ ಒಟ್ಟಿಗೆ ತೆಗೆಯೋ ಹಾಗಿಲ್ಲ. ತಿಂಗಳಿಗೆ 861 ಯೂರೋ ಮಾತ್ರ ಕೈಗೆ ಬರ್ತಿತ್ತು. ಅದರಲ್ಲಿ ರೂಮಿಗೆ 320, ಹೆಲ್ತ್ ಇನ್ಶೂರೆನ್ಸಿಗೆ ಸುಮಾರು 110. ಮಿಕ್ಕಿದ್ದರಲ್ಲಿ ಊಟ, ಫೋನು, ಆರು ತಿಂಗಳಿಗೊಮ್ಮೆ ಸೆಮೆಸ್ಟರ್ ಫೀ, ಚಳಿಗಾಲದ ಬೂಟು. ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀ ಇಲ್ಲ ಅನ್ನೋದು ನಿಜ. ‘ಜರ್ಮನಿಯಲ್ಲಿ ಓದು ಫ್ರೀ’ ಅಂತ ರೀಲ್ ಮಾಡೋರು ಈ ಮಿಕ್ಕ ಲೆಕ್ಕ ಹೇಳಲ್ಲ, ಅಷ್ಟೇ.

ಆ ಒಂಬತ್ತು ಲಕ್ಷ ಬಂದಿದ್ದು ಅರಸೀಕೆರೆಯ ನಮ್ಮ ಮನೆ ಪತ್ರದ ಮೇಲೆ. ಅಪ್ಪ ಬಸ್ ಕಂಡಕ್ಟರ್ ಆಗಿದ್ದೋರು, ಆಗಷ್ಟೇ ರಿಟೈರ್ ಆಗಿದ್ರು. ಮನೆ ಕಟ್ಟಿ ಮುಗಿಸೋಕೆ ಅವರಿಗೆ ಹದಿನಾಲ್ಕು ವರ್ಷ ಹಿಡಿದಿತ್ತು.

ಇನ್ನು ದಿನಚರಿ. ಬೆಳಗ್ಗೆ ಗೋಧಿ ರವೆ ಉಪ್ಪಿಟ್ಟು. ಇಲ್ಲಿ ಸೂಪರ್‌ಮಾರ್ಕೆಟ್ಟಲ್ಲಿ ‘ಗ್ರೀಸ್’ ಅಂತ ಬರೆದಿರೋ ಪ್ಯಾಕೆಟ್ಟೇ ರವೆ, ಅದು ಗೊತ್ತಾಗೋಕೆ ನನಗೆ ಎರಡು ತಿಂಗಳು ಬೇಕಾಯ್ತು. ಮಧ್ಯಾಹ್ನ ಯೂನಿವರ್ಸಿಟಿ ಮೆನ್ಸಾದಲ್ಲಿ ಊಟ. ವಾರದಲ್ಲಿ ಎರಡು ರಾತ್ರಿ ಒಂದು ಗೋಡೌನಲ್ಲಿ ಪಾರ್ಸೆಲ್ ಎತ್ತಿಡೋ ಕೆಲಸ. ಭಾನುವಾರ ಅಂಗಡಿಗಳೆಲ್ಲ ಬಂದ್. ಶನಿವಾರ ಸಂಜೆಯೊಳಗೆ ಹಾಲು ತರೋಕೆ ಮರೆತರೆ ಭಾನುವಾರ ಕರೀ ಕಾಫಿ. ಊರಲ್ಲಿ ಭಾನುವಾರ ಅಂದ್ರೆ ಮನೆ ತುಂಬ ಜನ. ಇಲ್ಲಿ ಭಾನುವಾರ ನಾಲ್ಕು ಗೋಡೆ ಮತ್ತು ಹೀಟರ್ ಸದ್ದು. ತಿರುಗಾಡೋಕೆ ಹೊರಟಿದ್ದಕ್ಕೆ ಕಾರಣ ಮಜಾ ಅಂತ ಎಲ್ಲರೂ ಅಂದ್ಕೋತಾರೆ. ನನ್ನ ಮಟ್ಟಿಗೆ ಕಾರಣ ಈ ಭಾನುವಾರ.

ಆಗ ಬಂತು ಒಂಬತ್ತು ಯೂರೋ ಟಿಕೆಟ್. 2022ರ ಜೂನ್, ಜುಲೈ, ಆಗಸ್ಟ್, ಮೂರು ತಿಂಗಳು ಮಾತ್ರ. ಉಕ್ರೇನ್ ಯುದ್ಧದಿಂದ ಪೆಟ್ರೋಲು, ಗ್ಯಾಸ್ ಎಲ್ಲ ದುಬಾರಿ ಆಗಿತ್ತು, ಜನರಿಗೆ ಸ್ವಲ್ಪ ಹಗುರ ಆಗ್ಲಿ ಅಂತ ಸರ್ಕಾರ ತಂದಿದ್ದು. ತಿಂಗಳಿಗೆ 9 ಯೂರೋ ಕೊಟ್ರೆ ದೇಶದ ಎಲ್ಲ ಸಿಟಿ ಬಸ್ಸು, ಟ್ರಾಮು, ಮೆಟ್ರೋ, ಲೋಕಲ್ ಮತ್ತು ರೀಜನಲ್ ರೈಲು ಹತ್ತಬಹುದು. ಫಾಸ್ಟ್ ರೈಲು ಮಾತ್ರ ಇಲ್ಲ. ನಮ್ಮ ಸ್ಟೂಡೆಂಟ್ ಟಿಕೆಟ್ಟೇ ಆ ಮೂರು ತಿಂಗಳು ದೇಶಕ್ಕೆಲ್ಲ ನಡೀತು, ಜಾಸ್ತಿ ಕಟ್ಟಿದ್ದ ದುಡ್ಡು ಆಮೇಲೆ ವಾಪಸ್ಸೂ ಬಂತು. ಸುಮಾರು 5 ಕೋಟಿ 20 ಲಕ್ಷ ಟಿಕೆಟ್ ಮಾರಾಟ ಆಯ್ತು ಅಂತ ಲೆಕ್ಕ. ರೈಲುಗಳು ಜಾತ್ರೆ ಬಸ್ಸಿನ ಹಾಗೆ ಆಗಿದ್ವು. ಬಾಗಿಲ ಹತ್ರ ಸೈಕಲ್, ಮಕ್ಕಳ ಗಾಡಿ, ನಾಯಿ, ನಾವು.

ಅಪ್ಪನಿಗೆ ಫೋನಲ್ಲಿ ಹೇಳಿದಾಗ ಅವರು ನಂಬಲಿಲ್ಲ.

“ಒಂಬತ್ತು ಯೂರೋ ಅಂದ್ರೆ?”

“ಏಳ್ನೂರ ಐವತ್ತು ಚಿಲ್ಲರೆ ಅಪ್ಪ.”

“ಒಂದು ಟ್ರಿಪ್ಪಿಗಾ?”

“ಒಂದು ತಿಂಗಳಿಗೆ. ಇಡೀ ದೇಶ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಡೀಸೆಲ್ ದುಡ್ಡೂ ಹುಟ್ಟಲ್ಲ ಕಣೋ” ಅಂದ್ರು. ಆಮೇಲೆ ಕೇಳಿದ್ದು ಗೇಟಿದೆಯಾ, ಕಂಡಕ್ಟರ್ ಇರ್ತಾರಾ ಅಂತ. ಗೇಟಿಲ್ಲ, ಎಷ್ಟೋ ಸಲ ಯಾರೂ ಕೇಳೋದೂ ಇಲ್ಲ, ಆದ್ರೆ ಯಾವಾಗಾದ್ರೂ ಚೆಕಿಂಗ್ ಬರ್ತಾರೆ, ಟಿಕೆಟ್ ಇಲ್ದಿದ್ರೆ 60 ಯೂರೋ ದಂಡ ಅಂದೆ. “ಚೆಕಿಂಗ್ ಎಲ್ಲಾ ಕಡೆ ಇದ್ದಿದ್ದೇ” ಅಂದು ಮಾತು ಬದಲಾಯಿಸಿದ್ರು. ಅವರು ಯಾಕೆ ಮಾತು ಬದಲಾಯಿಸಿದ್ರು ಅಂತ ಆಗ ನನಗೆ ಗೊತ್ತಾಗ್ಲಿಲ್ಲ.

ಆ ಬೇಸಿಗೆಯಲ್ಲಿ ನಾವು ತಿರುಗಿದ್ದು ಅಷ್ಟಿಷ್ಟಲ್ಲ. ಕಲೋನ್ ಕೆಥೆಡ್ರಲ್‌ನ 533 ಮೆಟ್ಟಿಲು ಹತ್ತಿ ಇಳಿದು ಮೂರು ದಿನ ಕುಂಟಿದ್ದೀನಿ. ರೂಲ್ಸ್ ಸರಳ. ಹೊರಗೆ ತಿನ್ನೋ ಹಾಗಿಲ್ಲ, ಎಲ್ಲರೂ ಡಬ್ಬಿ ತರಬೇಕು. ಟಿಕೆಟ್ ಇಟ್ಟಿರೋ ಜಾಗವನ್ನ ಹೊರಗಿನಿಂದ ನೋಡಬೇಕು. ಕುಡಿದ ಖಾಲಿ ಬಾಟ್ಲಿ ಎಸೆಯೋ ಹಾಗಿಲ್ಲ, ಪ್ಲಾಸ್ಟಿಕ್ ಬಾಟ್ಲಿ ವಾಪಸ್ ಕೊಟ್ರೆ 25 ಸೆಂಟ್ ಸಿಗುತ್ತೆ. ನಮ್ಮ ಹುಬ್ಬಳ್ಳಿ ಗೆಳೆಯ ಬೇರೆಯವರು ಬಿಟ್ಟು ಹೋದ ಬಾಟ್ಲಿನೂ ಬ್ಯಾಗಿಗೆ ಹಾಕೋನು. “ನಾಚಿಕಿ ಬಿಟ್ರ ನಾಳಿನ ಹಾಲಿನ ರೊಕ್ಕ ಬಂತ್ ನೋಡಲೇ” ಅನ್ನೋನು.

ಕೋಬ್ಲೆಂಜಿಗೆ ಹೊರಟಿದ್ದು ಒಂದು ಶನಿವಾರ. ಆಖೆನ್‌ನಿಂದ ಕಲೋನ್, ಅಲ್ಲಿಂದ ರೈನ್ ನದಿ ಪಕ್ಕದ ರೈಲು, ಒಟ್ಟು ಮೂರು ಗಂಟೆ ಹತ್ರ ಹತ್ರ. ಬಾನ್ ದಾಟಿದ ಮೇಲೆ ಫೋನಿಗೆ ನೆಟ್‌ವರ್ಕ್ ಬಂತು, ಜೊತೆಗೆ ರಿಸಲ್ಟ್. ಇಲ್ಲಿ ಅಂಕ ಉಲ್ಟಾ. 1.0 ಅಂದ್ರೆ ಎಲ್ಲಕ್ಕಿಂತ ಮೇಲೆ, 4.0 ತನಕ ಪಾಸು, 5.0 ಅಂದ್ರೆ ಡುಮ್ಕಿ. ನನ್ನದು 5.0. ಫೆಬ್ರವರಿಯಲ್ಲೂ ಅದೇ 5.0 ಬಂದಿತ್ತು.

ಬಿಇ ಮಾಡೋವಾಗ ಬ್ಯಾಕ್‌ಲಾಗ್ ಅಂದ್ರೆ ಮುಂದಿನ ಸಲ ಕಟ್ಟಿದ್ರಾಯ್ತು ಅಂತ ಇತ್ತು. ಇಲ್ಲಿ ನಮ್ಮ ಕೋರ್ಸಲ್ಲಿ ಕಡ್ಡಾಯ ವಿಷಯಕ್ಕೆ ಮೂರೇ ಅವಕಾಶ. ಮೂರನೇದೂ ಹೋದ್ರೆ ಕೋರ್ಸಿನಿಂದಲೇ ಹೊರಗೆ. ವೀಸಾ ಇರೋದು ಓದೋಕೆ ಅಂತ, ಓದೇ ಇಲ್ಲ ಅಂದ್ಮೇಲೆ ವೀಸಾ ಕಥೆ ಏನು? ಮನೆ ಪತ್ರದ ಕಥೆ ಏನು? ಕಿಟಕಿಯಾಚೆ ದ್ರಾಕ್ಷಿ ತೋಟ, ಕೋಟೆ ಎಲ್ಲ ಹೋಗ್ತಾ ಇತ್ತು. ಉಳಿದ ಮೂರು ಜನ ಫೋಟೋ ತೆಗೀತಿದ್ರು.

ಕೋಬ್ಲೆಂಜಲ್ಲಿ ಮೋಸೆಲ್ ಅನ್ನೋ ನದಿ ಬಂದು ರೈನಿಗೆ ಸೇರುತ್ತೆ. ಆ ಮೂಲೆಯಲ್ಲಿ ಕುದುರೆ ಮೇಲೆ ಕೂತಿರೋ ರಾಜನ ದೊಡ್ಡ ಪ್ರತಿಮೆ, ಅದರ ಕೆಳಗೆ ಮೆಟ್ಟಿಲು. ಸಂಗಮ ನೋಡಿದ್ರೆ ನಮ್ಮೋರಿಗೆ ಕೈ ಮುಗಿಯೋ ಅಭ್ಯಾಸ, ನಾನೂ ಮುಗಿದೆ. ಆ ವರ್ಷ ಬರಗಾಲ ಬೇರೆ. ಮೇಲ್ಗಡೆ ಕೌಬ್ ಅನ್ನೋ ಊರಲ್ಲಿ ರೈನ್ ಅಳತೆ 40 ಸೆಂಟಿಮೀಟರ್‌ಗಿಂತ ಕೆಳಗೆ ಇಳಿದಿತ್ತು. ಅದು ನದಿಯ ಪೂರ್ತಿ ಆಳ ಅಲ್ಲ, ಅಳತೆಪಟ್ಟಿಯ ಲೆಕ್ಕ. ಆದ್ರೂ ಹಡಗುಗಳು ಅರ್ಧ ಲೋಡಿಗಿಂತ ಕಮ್ಮಿ ಹಾಕ್ಕೊಂಡು ಹೋಗಬೇಕಾದ ಸ್ಥಿತಿ. ದಡದಲ್ಲಿ ಕಲ್ಲೆಲ್ಲ ಎದ್ದು ಕಾಣ್ತಿತ್ತು. ಕೆಆರ್‌ಎಸ್ ನೀರಿನ ಮಟ್ಟ ದಿನಾ ಪೇಪರಲ್ಲಿ ನೋಡೋ ಅಪ್ಪನಿಗೆ ಈ ಸುದ್ದಿ ಹೇಳಬೇಕು ಅನ್ನಿಸ್ತು. ಫೋನ್ ಮಾಡಿದ್ರೆ ಇನ್ನೊಂದು ಸುದ್ದಿನೂ ಬಾಯಿಗೆ ಬರುತ್ತೆ ಅಂತ ಮಾಡ್ಲಿಲ್ಲ. ಫೋಟೋ ಕಳಿಸ್ದೆ.

ಫ್ಯಾಮಿಲಿ ಗ್ರೂಪಲ್ಲಿ ಚಿಕ್ಕಪ್ಪ, “ಮಜಾ ಮಾಡು ಮಗಾ, ವಯಸ್ಸು ಮತ್ತೆ ಬರಲ್ಲ” ಅಂತ ಹಾಕಿದ್ರು. ಅಪ್ಪ ರಾತ್ರಿ ಫೋನಲ್ಲಿ ಕೇಳಿದ್ದು ಒಂದೇ, “ಓದೆಲ್ಲ ಚೆನ್ನಾಗಿ ನಡೀತಿದೆ ತಾನೆ?” ಹ್ಞೂ ಅಪ್ಪ ಅಂದೆ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡೋ ತಪ್ಪು. ತಿರುಗಿದ್ದಕ್ಕೇ ಫೇಲಾದೆ ಅಂತ ನನಗೆ ನಾನೇ ತೀರ್ಪು ಕೊಟ್ಕೊಂಡೆ. ತಿರುಗಾಟ ಬಂದ್, ಗೆಳೆಯರ ಜೊತೆ ಅಡುಗೆ ಬಂದ್. ದುಡ್ಡಾದ್ರೂ ಉಳೀಲಿ ಅಂತ ಗೋಡೌನಲ್ಲಿ ಇನ್ನೊಂದು ರಾತ್ರಿ ಹೆಚ್ಚಿಗೆ ಹಿಡಿದೆ. ಅಕ್ಟೋಬರಿಂದ ಕನಿಷ್ಠ ಕೂಲಿ ಗಂಟೆಗೆ 12 ಯೂರೋ ಆಗಿತ್ತು, ಬಿಡೋ ಮನಸ್ಸಾಗ್ಲಿಲ್ಲ. ಬೆಳಗ್ಗೆ ಬಂದು ಮಲಗಿ ಎದ್ದರೆ ಡಿಸೆಂಬರಲ್ಲಿ ನಾಲ್ಕೂವರೆಗೇ ಕತ್ತಲು. ಪುಸ್ತಕ ಮುಂದೆ ಇಟ್ಕೊಂಡು ಅದೇ ಪುಟ ನೋಡ್ತಾ ಕೂರೋದು. ಹುಬ್ಬಳ್ಳಿಯವನು ಅದೇ ಪೇಪರ್ ಪಾಸ್ ಮಾಡಿದ್ದ. ಅವನನ್ನ ಕೇಳೋಕೆ ಅಹಂಕಾರ ಅಡ್ಡ ಬಂತು.

ಒಂದು ಭಾನುವಾರ ಅಪ್ಪ ಫೋನ್ ಮಾಡಿದ್ರು. ಸಾಮಾನ್ಯವಾಗಿ ಮಾಡ್ತಿದ್ದಿದ್ದು ಅಮ್ಮ.

“ಫೋಟೋ ಯಾಕೆ ಬರ್ತಿಲ್ಲ?”

“ಚಳಿ ಅಪ್ಪ, ಎಲ್ಲೂ ಹೋಗ್ತಿಲ್ಲ.”

“ಮೂರು ತಿಂಗಳಿಂದ ಒಂದೂ ಬಂದಿಲ್ಲ ಅಂತ ನಿಮ್ಮಮ್ಮ ಲೆಕ್ಕ ಇಟ್ಟಿದಾಳೆ. ನೀನು ಎಲ್ಲೋ ನಿಂತ್ಕೊಂಡು ನಗ್ತಿರೋ ಫೋಟೋ ಬಂದ್ರೆ ಅವತ್ತು ನಿದ್ದೆ ಮಾಡ್ತಾಳೆ. ಏನಾಗಿದೆ ಹೇಳು.”

ಹೇಳ್ಬಿಟ್ಟೆ. ಎರಡು ಸಲ ಫೇಲು, ಮೂರನೇದು ಮಾರ್ಚಲ್ಲಿ, ಅದೂ ಹೋದ್ರೆ ವಾಪಸ್ಸು, ಎಲ್ಲಾ. ಬೈತಾರೆ ಅಂತ ಕಾದೆ.

ಅಪ್ಪ ಹೇಳಿದ್ದು ಅವರ ಕಥೆ. ನಾನು ಐದನೇ ಕ್ಲಾಸಲ್ಲಿದ್ದಾಗ ಒಂದು ಜಾತ್ರೆ ದಿನ ಬಸ್ಸು ತುಂಬಿ ಹೋಗಿ ಇಬ್ಬರು ಹೆಂಗಸರಿಗೆ ಟಿಕೆಟ್ ಕೊಡೋದು ತಪ್ಪಿತ್ತಂತೆ. ಅದೇ ಸ್ಟೇಜಲ್ಲಿ ಚೆಕಿಂಗ್‌ನೋರು ಹತ್ತಿದ್ರು. ಅಪ್ಪ ಒಂದು ತಿಂಗಳು ಸಸ್ಪೆಂಡ್. ಮನೆಯಲ್ಲಿ ಹೇಳ್ಲಿಲ್ಲ. ದಿನಾ ಬೆಳಗ್ಗೆ ಖಾಕಿ ಹಾಕ್ಕೊಂಡು, ಊಟದ ಡಬ್ಬಿ ತಗೊಂಡು ಹೋಗಿ ಅರಸೀಕೆರೆ ರೈಲ್ವೆ ಸ್ಟೇಷನ್ ಪ್ಲಾಟ್‌ಫಾರಮ್ಮಲ್ಲಿ ಕೂತಿರ್ತಿದ್ರಂತೆ. ಜಂಕ್ಷನ್ ಅಲ್ವಾ, ಖಾಕಿ ಹಾಕಿ ಕೂತೋನನ್ನ ಯಾರು ಕೇಳ್ತಾರೆ.

“ಎಂಟು ದಿನ ನಡೀತು. ಒಂಬತ್ತನೇ ದಿನ ನಿಮ್ಮಮ್ಮ ಬಟ್ಟೆ ನೆನೆ ಹಾಕ್ತಾ, ಶರ್ಟಲ್ಲಿ ಧೂಳೇ ಇಲ್ವಲ್ರೀ, ಎಲ್ಲಿಗೆ ಹೋಗ್ತಿದೀರ ಅಂದ್ಲು.”

ನನಗೆ ಏನು ಹೇಳಬೇಕೋ ಗೊತ್ತಾಗ್ಲಿಲ್ಲ. ಅಪ್ಪನೇ ಮುಂದುವರೆಸಿದ್ರು. “ಮನೆ ಪತ್ರದ್ದು ನಾನು ನೋಡ್ಕೋತೀನಿ. ರಾತ್ರಿ ಕೆಲಸ ಪರೀಕ್ಷೆ ಮುಗಿಯೋ ತನಕ ಬಿಡು. ಆ ಹುಬ್ಬಳ್ಳಿ ಹುಡುಗನ್ನ ಕೇಳು. ಮತ್ತೆ ಭಾನುವಾರ ಒಬ್ನೇ ಕೂರಬೇಡ.”

ನಮ್ಮೂರಿನಿಂದ ನಡ್ಕೊಂಡೇ ಹೋಗಬಹುದಾದ ಒಂದು ಗುಡ್ಡ ಇದೆ. ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮೂರೂ ಸೇರೋ ಜಾಗ. ಯುರೋಪಿನ ನೆದರ್ಲೆಂಡ್ಸಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ, ಆದ್ರೆ ಎತ್ತರ ಬರೀ 322 ಮೀಟರ್. ಅರಸೀಕೆರೆ ಊರೇ ಅದರ ಎರಡು ಪಟ್ಟಿಗಿಂತ ಮೇಲಿದೆ. ಜನವರಿಯಿಂದ ಪ್ರತಿ ಭಾನುವಾರ ಹುಬ್ಬಳ್ಳಿಯವನು ನನ್ನನ್ನ ಆ ಗುಡ್ಡಕ್ಕೆ ಎಳ್ಕೊಂಡು ಹೋದ. ಹತ್ತೋವಾಗ ಅವನು ಪ್ರಶ್ನೆ ಕೇಳೋದು, ನಾನು ಉತ್ತರ ಹೇಳೋದು. ತಪ್ಪಾದ್ರೆ ನಿಂತು ವಿವರಿಸೋದು. ಆ ಚಳಿಯಲ್ಲಿ ನಿಲ್ಲೋ ಶಿಕ್ಷೆಗೆ ಹೆದರಿಯೇ ಅರ್ಧ ಕಲಿತೆ.

ಈಗ ಬಂದಿರೋ ಹುಡುಗ ಹುಡುಗಿಯರಿಗೆ ಒಂದೆರಡು ಮಾತು ಇಲ್ಲೇ ಹೇಳ್ಬಿಡ್ತೀನಿ. ರಿಸಲ್ಟ್ ಬಂದ ಮೇಲೆ ತಿದ್ದಿದ ಉತ್ತರಪತ್ರಿಕೆ ನೋಡೋಕೆ ಒಂದು ದಿನ ಕೊಡ್ತಾರೆ. ನಾನು ಎರಡೂ ಸಲ ನಾಚಿಕೆಗೆ ಹೋಗಿರ್ಲಿಲ್ಲ. ಹೋಗಿ. ಕೊನೆಗೆ ಅಸಿಸ್ಟೆಂಟ್‌ಗೆ ಮೇಲ್ ಹಾಕಿ ಭೇಟಿ ಮಾಡ್ದಾಗ ಗೊತ್ತಾಗಿದ್ದು, ನಾನು ಉತ್ತರ ಸರಿ ಬರೆದ ಕಡೆಯೂ ಸ್ಟೆಪ್ ಬರೀದೆ ಅಂಕ ಕಳ್ಕೊಂಡಿದ್ದೆ. ನಿಮ್ಮ ವಿಭಾಗದ ವಿದ್ಯಾರ್ಥಿ ಸಂಘದಲ್ಲಿ, ‘ಫಾಖ್‌ಶಾಫ್ಟ್’ ಅಂತಾರೆ, ಎಷ್ಟೋ ಕಡೆ ಹಳೇ ಪ್ರಶ್ನೆಪತ್ರಿಕೆ ಸಿಗುತ್ತೆ. ಮನಸ್ಸು ತೀರಾ ಕುಗ್ಗಿದ್ರೆ ಮಾತಾಡೋಕೆ ಅಂತಲೇ ವಿದ್ಯಾರ್ಥಿಗಳಿಗೆ ಕೌನ್ಸೆಲಿಂಗ್ ಇದೆ. ಇದೆಲ್ಲ ನನಗೆ ಗೊತ್ತಾಗಿದ್ದು ಬಾಯಿ ಬಿಟ್ಟ ಮೇಲೆ.

ಮಾರ್ಚಲ್ಲಿ ಬರೆದೆ. 3.7 ಬಂತು. ಊರಲ್ಲಿ ಅದನ್ನ ಜಸ್ಟ್ ಪಾಸ್ ಅಂತಾರೆ. ಗುಡ್ಡದ ಮೇಲೆ ಮೂರು ದೇಶದ ಕಲ್ಲಿನ ಪಕ್ಕ ನಿಂತು ಫೋಟೋ ತೆಗೆದು ಗ್ರೂಪಿಗೆ ಹಾಕ್ದೆ. ಚಿಕ್ಕಪ್ಪ ಮತ್ತೆ ಮಜಾ ಮಾಡು ಅಂದ್ರು. ಅಪ್ಪ ಬರೀ ಹೆಬ್ಬೆಟ್ಟು ಒತ್ತಿದ್ರು.

2025ರ ಮೇ ತಿಂಗಳಲ್ಲಿ ಅಪ್ಪ ಅಮ್ಮ ಬಂದಿದ್ರು. ಒಂಬತ್ತು ಯೂರೋ ಟಿಕೆಟ್ ಈಗಿಲ್ಲ, ಅದರ ಜಾಗದಲ್ಲಿ ಬಂದಿರೋ ಡಾಯ್ಚ್‌ಲಾಂಡ್ ಟಿಕೆಟ್ 2025ರಲ್ಲಿ ತಿಂಗಳಿಗೆ 58 ಯೂರೋ ಇತ್ತು. ಅದು ತಿಂಗಳ ಚಂದಾ ಇದ್ದ ಹಾಗೆ, 10ನೇ ತಾರೀಖಿನೊಳಗೆ ಕ್ಯಾನ್ಸಲ್ ಮಾಡದಿದ್ರೆ ಮುಂದಿನ ತಿಂಗಳದ್ದೂ ಕಟ್ ಆಗುತ್ತೆ. ಇಬ್ಬರಿಗೂ ಮಾಡಿಸಿ, ಮರೀದೆ ಕ್ಯಾನ್ಸಲ್ಲೂ ಮಾಡಿ, ಕೋಬ್ಲೆಂಜಿಗೆ ಕರ್ಕೊಂಡು ಹೋದೆ. ಹೋಗೋವಾಗ ಯಾರೂ ಟಿಕೆಟ್ ಕೇಳ್ಲಿಲ್ಲ. ಅಪ್ಪನಿಗೆ ಕಸಿವಿಸಿ. “ಹಿಂಗಾದ್ರೆ ಕಲೆಕ್ಷನ್ ಹೆಂಗೆ?” ಅಂತ ಅಮ್ಮನ್ನ ಕೇಳ್ತಿದ್ರು. ಸಂಗಮದ ಹತ್ರ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದ್ವಿ. ಎರಡನೇ ಸಲ ಫೇಲಾದ ದಿನ ಇಲ್ಲೇ ಕೂತಿದ್ದೆ ಅಂತ ಹೇಳ್ದೆ. ಅಮ್ಮ ನೀರಿನ ಕಡೆ ನೋಡ್ತಾ, “ಆ ಫೋಟೋದಲ್ಲಿ ನಿನ್ನ ಕಣ್ಣು ಚೆನ್ನಾಗಿರ್ಲಿಲ್ಲ” ಅಂದ್ಲು.

ವಾಪಸ್ ಬರೋವಾಗ ಬಾನ್ ಹತ್ರ ಚೆಕಿಂಗ್ ಬಂತು. ಕುತ್ತಿಗೆಗೆ ಮಷೀನ್ ಹಾಕ್ಕೊಂಡ ಒಬ್ಬ ಹೆಂಗಸು. ಅಪ್ಪ ಫೋನು, ಪಾಸ್‌ಪೋರ್ಟು ಎರಡೂ ಕೈಯಲ್ಲಿ ಹಿಡ್ಕೊಂಡು ಸೀಟಿಂದ ಎದ್ದು ನಿಂತ್ರು. ಆಕೆ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಕೈ ಮಾಡಿದ್ರು. ಅಪ್ಪ ಕೂರ್ಲಿಲ್ಲ, ಮಷೀನ್ ಬೀಪ್ ಅನ್ನೋ ತನಕ.